ಹಂಟಿಂಗ್ಟನ್ ಕಾಯಿಲೆಗೆ ಎಂಆರ್‌ಐ: ಚಿತ್ರಕ್ಕೆ ಪೂರ್ತಿ ಅಂಕ, ರಿಪೋರ್ಟಿಗೆ ಅರ್ಧ

ಹಂಟಿಂಗ್ಟನ್ ಅಂದರೆ ಮಿದುಳು ನಿಧಾನಕ್ಕೆ ಸವೆಯುವ ವಂಶಪಾರಂಪರ್ಯ ಕಾಯಿಲೆ. ಅದರ ರೋಗಿಯೊಬ್ಬರಿಗೆ ಎಂಆರ್‌ಐ ಮಾಡಿಸಿದ ಅನುಭವ ಇದು. ಹೆಸರು ಬೇಡ, ಮಂಗಳೂರು ಪೇಟೆಯೊಳಗಿನ ಸ್ಕ್ಯಾನ್ ಸೆಂಟರ್ ಅಂದರೆ ಸಾಕು. ಬೋರ್ಡಿನಲ್ಲಿ ಮೆಷಿನ್ನಿನ ಕಾಂತಬಲದ ಅಳತೆ ‘3 ಟೆಸ್ಲಾ’ ಎಂದು ದೊಡ್ಡದಾಗಿ ಬರೆದಿದ್ದಾರೆ. ಈ ಕಾಯಿಲೆಗೆ ಅದಕ್ಕೆಂದೇ ಹುಡುಕಿಕೊಂಡು ಹೋಗಬೇಕಿಲ್ಲ, 1.5 ಟೆಸ್ಲಾದಲ್ಲೂ ಬೇಕಾದದ್ದು ಕಾಣುತ್ತದೆ. ಕಾಂಟ್ರಾಸ್ಟ್ ಇಂಜೆಕ್ಷನ್ನೂ ಸಾಮಾನ್ಯವಾಗಿ ಬೇಡ. ಇಲ್ಲಿ ಸುಮ್ಮನೆ ಚುಚ್ಚಿ ಬಿಲ್ ಏರಿಸಲಿಲ್ಲ, ಅದಕ್ಕೆ ಭೇಷ್ ಅನ್ನಬೇಕು.

ನಿಜವಾದ ಕಷ್ಟ ಅಲುಗಾಟದ್ದು. ಮುಖ, ಕೈಕಾಲು ತಾವಾಗಿಯೇ ಕುಣಿಯುವ ಕೊರಿಯಾ ಇರುವವರನ್ನು ಕೊಳವೆಯೊಳಗೆ ಮಲಗಿಸಬೇಕು. ಮಿದುಳಿನ ರಚನೆಯನ್ನು 1 ಮಿ.ಮೀ. ದಪ್ಪದ ಹೋಳುಗಳಲ್ಲಿ (ಸ್ಲೈಸ್) ತೋರಿಸುವ ಚಿತ್ರಸರಣಿ, ಅಂದರೆ 3ಡಿ ಟಿ1 ಸೀಕ್ವೆನ್ಸ್‌ಗೆ 5 ನಿಮಿಷದ ಆಸುಪಾಸು ಬೇಕು. ನಡುವೆ ತಲೆ ಸರಿದರೆ ಕೆಡುವುದು ಒಂದು ಸ್ಲೈಸ್ ಅಲ್ಲ, ಇಡೀ ಸೀಕ್ವೆನ್ಸ್. ಸಿಗ್ನಲ್ ಪೂರ್ತಿ ತಲೆಯಿಂದ ಒಟ್ಟಿಗೆ ಬರುತ್ತದೆ, ಚಿತ್ರ ಆಗುವುದು ಆಮೇಲೆ. ಇಲ್ಲಿನ ಟೆಕ್ನಿಷಿಯನ್ ಪಳಗಿದವರು. ಕಿವಿಯ ಎರಡೂ ಬದಿಗೆ ಫೋಮ್ ಒತ್ತಿಟ್ಟು, ರೋಗಿ ಬಳಲುವ ಮೊದಲೇ 3ಡಿ ಟಿ1 ತೆಗೆದು, ಉಳಿದದ್ದನ್ನು ಹಿಂದಕ್ಕೆ ಹಾಕಿದರು. ಗಾಬರಿಯಾದರೆ ಕೊರಿಯಾ ಜಾಸ್ತಿಯಾಗುತ್ತದೆಂದು ಪ್ರತಿ ಸದ್ದಿಗೂ ಮುಂಚೆ ಮೈಕಿನಲ್ಲಿ ಹೇಳುತ್ತಿದ್ದರು.

ನಿದ್ದೆಯಲ್ಲಿ ಕೊರಿಯಾ ಬಹುಮಟ್ಟಿಗೆ ತಣ್ಣಗಾಗುವುದರಿಂದ ಸೆಡೇಷನ್ (ಮಂಪರಿನ ಮದ್ದು) ಕೆಲಸ ಮಾಡುತ್ತದೆ. ಆದರೆ ಈ ರೋಗಿಗಳಿಗೆ ನುಂಗುವುದೇ ಕಷ್ಟ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಅರಿವಳಿಕೆ ವೈದ್ಯರು ಪಕ್ಕದಲ್ಲೇ ಇರಬೇಕು. ಊಟ ಬಿಟ್ಟು ಕನಿಷ್ಠ 6 ಗಂಟೆ, ನೀರು ಬಿಟ್ಟು 2 ಗಂಟೆ ಆಗಿರಬೇಕು. ಫೋನಿನಲ್ಲಿ ಇವರು ಹೇಳಿದ್ದು ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂತ ಅಷ್ಟೆ. ಕುಂದಾಪುರದಿಂದ ಬಸ್ ಹತ್ತುವವರಿಗೆ ಅಷ್ಟು ಸಾಲದು ಮಾರಾಯ್ರೆ.

ಈಗ ರಿಪೋರ್ಟ್. ನಲವತ್ತರ ಆಸುಪಾಸಿನ ರೋಗಿಗೆ ‘ವಯಸ್ಸಿಗೆ ತಕ್ಕ ಸ್ವಲ್ಪ ಸವೆತ’ ಎಂದು ಒಂದೇ ಸಾಲು! ಕೊರೋನಲ್ ಚಿತ್ರ (ತಲೆಯನ್ನು ಎದುರಿನಿಂದ ನೋಡಿದಂತೆ ಕಾಣುವ ಹೋಳು) ಹಿಡಿದರೆ ಬೇರೆಯೇ ಕಾಣುತ್ತದೆ. ಚಲನೆಯನ್ನು ಹತೋಟಿಯಲ್ಲಿಡಲು ನೆರವಾಗುವ ಕಾಡೇಟ್ ಎಂಬ ಮಿದುಳಿನ ಭಾಗದ ತಲೆ ಆರೋಗ್ಯವಾಗಿದ್ದರೆ, ಅದು ಮಿದುಳಿನೊಳಗಿನ ದ್ರವದ ಕೋಣೆಯಾದ ವೆಂಟ್ರಿಕಲ್‌ನ ಮುಂಗೊಂಬಿನ ಹೊರಗೋಡೆಯನ್ನು ಒಳಕ್ಕೆ ಒತ್ತಿ ಬಾಗಿಸಿರುತ್ತದೆ. ಅದು ಕರಗಿದಾಗ ಗೋಡೆ ಚಪ್ಪಟೆಯಾಗಿ, ಕೊಂಬು ಪೆಟ್ಟಿಗೆಯ ಆಕಾರಕ್ಕೆ ಬರುತ್ತದೆ. ಇಲ್ಲಿ ಆಗಿದ್ದು ಅದೇ. ಅಳೆಯುವುದೂ ಸುಲಭ: ಮುಂಗೊಂಬುಗಳ ಒಟ್ಟು ಅಗಲವನ್ನು ಎರಡು ಕಾಡೇಟ್‌ಗಳ ನಡುವಿನ ಅತಿ ಕಡಿಮೆ ಅಂತರದಿಂದ ಭಾಗಿಸಿ. ಸಾಮಾನ್ಯರಲ್ಲಿ 2.2ರಿಂದ 2.6, ಕಾಡೇಟ್ ಸವೆದಂತೆ 1ರ ಕಡೆಗೆ ಇಳಿಯುತ್ತದೆ. ರಿಪೋರ್ಟಿನಲ್ಲಿ ಈ ಅಂಕಿ ಇಲ್ಲ, ಕಾಡೇಟ್ ಪಕ್ಕದ ಭಾಗವಾದ ಪುಟಾಮೆನ್ ಸುದ್ದಿಯೂ ಇಲ್ಲ.

ಅರ್ಧ ತಪ್ಪು ಡಾಕ್ಟರು ಬರೆದುಕೊಟ್ಟ ಚೀಟಿಯದ್ದೂ ಹೌದು. ‘ಎಂಆರ್‌ಐ ಬ್ರೇನ್’ ಎಂದಷ್ಟೇ ಬರೆದರೆ ಹಲವು ಕಡೆ 5 ಮಿ.ಮೀ. ಸ್ಲೈಸ್‌ನ ಮಾಮೂಲಿ ಸ್ಕ್ಯಾನ್ ಆಗುತ್ತದೆ, ರೇಡಿಯಾಲಜಿಸ್ಟ್ ಪಾರ್ಶ್ವವಾಯು ಹುಡುಕುತ್ತಾರೆ. ‘ವಂಶಪಾರಂಪರ್ಯ ಕೊರಿಯಾ, 3ಡಿ ಟಿ1, ಕಾಡೇಟ್ ಅಳತೆ ಬೇಕು’ ಎಂದು ನ್ಯೂರಾಲಜಿಸ್ಟ್ ಹತ್ತಿರ ಬರೆಸಿಕೊಂಡೇ ಹೋಗಿ. ಕೇಳಿದ ಮೇಲೆ ಇವರು ತಕರಾರಿಲ್ಲದೆ ಅಳತೆ ಸೇರಿಸಿ ರಿಪೋರ್ಟ್ ತಿದ್ದಿಕೊಟ್ಟರು.

ಕೌಂಟರಿನಲ್ಲಿ ‘ಮಕ್ಕಳಿಗೂ ಒಂದು ಮಾಡಿಸಿಬಿಡಿ’ ಅಂದದ್ದು ಮಾತ್ರ ಸರಿಯಲ್ಲ. ಪ್ರತಿ ಮಗುವಿಗೂ ಕಾಯಿಲೆ ದಾಟುವ ಸಾಧ್ಯತೆ ಶೇ. 50, ಆದರೆ ಸ್ಕ್ಯಾನ್ ನಾರ್ಮಲ್ ಬಂದರೆ ಪಾರಾದಂತಲ್ಲ. ತೀರ್ಮಾನ ಹೇಳುವುದು ರಕ್ತದ ಜೀನ್ ಪರೀಕ್ಷೆ: 4ನೇ ಕ್ರೋಮೋಸೋಮಿನ ಎಚ್‌ಟಿಟಿ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು 40 ಅಥವಾ ಹೆಚ್ಚು ಸಲ ಮರುಕಳಿಸಿದ್ದರೆ ಕಾಯಿಲೆ ಖಚಿತ, 36ರಿಂದ 39 ಇದ್ದರೆ ಬರಬಹುದು, ಬರದಿರಬಹುದು. ಲಕ್ಷಣವಿಲ್ಲದ ಮಕ್ಕಳಿಗೆ 18 ತುಂಬುವ ಮೊದಲು ಆ ಪರೀಕ್ಷೆ ಮಾಡಿಸುವ ಪದ್ಧತಿಯಿಲ್ಲ. ದೊಡ್ಡವರೂ ಮೊದಲು ಆಪ್ತ ಸಮಾಲೋಚನೆಗೆ ಹೋಗಬೇಕು. ಮಣಿಪಾಲದ ಕೆಎಂಸಿಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ.

ಫಿಲ್ಮ್ ಜೊತೆ ಡೈಕಾಮ್ ಸಿಡಿ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳಿರುವುದು) ಕೇಳಿ ಪಡೆಯಿರಿ. ಮುಂದೆ ಹೋಲಿಸಿ ನೋಡುವುದಿದ್ದರೆ ಇದೇ ಮೆಷಿನ್, ಇದೇ ಸೀಕ್ವೆನ್ಸ್ ಆಗಬೇಕು. ಮೆಷಿನ್ ಬದಲಾದರೆ ಅಳತೆಯೂ ಆಚೀಚೆ ಆಗುತ್ತದೆ.