ದುರ್ಗಿಗುಡಿಯಲ್ಲಿ ಮುದ್ರಿಸಿಕೊಂಡ ಐದು ಹಾರರ್ ಪೋಸ್ಟರುಗಳು: ಕಪ್ಪು ಎಷ್ಟು ಕಪ್ಪಾಗಿ ಬಂತು?

ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಮಂದಿ ಸೇರಿ ಸಿನಿಮಾ ನೋಡುವ ರೂಢಿಯಿದೆ. ಈ ಮಳೆಗಾಲ ಮುಗಿಯುವವರೆಗೆ ಹಾರರ್ ಚಿತ್ರಗಳನ್ನೇ ನೋಡೋಣವೆಂದು ನಿಶ್ಚಯವಾದಾಗ, ಪ್ರತಿಯೊಂದು ಚಿತ್ರದ ಮೂಲ ಪೋಸ್ಟರನ್ನು ಒಂದು ವಾರ ಮೊದಲೇ ಜಗಲಿಯ ಗೋಡೆಗೆ ತೂಗುಹಾಕಬೇಕೆಂಬ ಆಸೆ ನನಗೆ ಹುಟ್ಟಿತು. ಅದಕ್ಕಾಗಿ ಶಿವಮೊಗ್ಗದ ದುರ್ಗಿಗುಡಿಯ ಒಂದು ಡಿಜಿಟಲ್ ಪ್ರಿಂಟಿಂಗ್ ಅಂಗಡಿಗೆ ಐದು ಪೋಸ್ಟರುಗಳನ್ನು ಕೊಟ್ಟು, 24×36 ಇಂಚಿನ ಅಳತೆಯಲ್ಲಿ, ಒಂದಕ್ಕೆ 350 ರೂಪಾಯಿಯಂತೆ ಮುದ್ರಿಸಿಕೊಂಡೆ. ಮದುವೆಯ ಫ್ಲೆಕ್ಸು, ಗೃಹಪ್ರವೇಶದ ಆಮಂತ್ರಣ ಮುದ್ರಿಸುವ ಅಂಗಡಿಯೊಂದು ಈ ಕೆಲಸವನ್ನು ಹೇಗೆ ಮಾಡಿತು, ಎಲ್ಲಿ ಎಡವಿತು, ಎಲ್ಲಿ ತಿದ್ದಿಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾರರ್ ಪೋಸ್ಟರಿನ ಶಕ್ತಿಯೆಲ್ಲ ಅದು ಏನನ್ನು ತೋರಿಸದೆ ಉಳಿಸುತ್ತದೆ ಎಂಬುದರಲ್ಲಿದೆ ಎನ್ನುವುದು ನನ್ನ ನಂಬಿಕೆ. ಹಾಗಾಗಿ ಖಾಲಿ ಜಾಗ ಮತ್ತು ಕಪ್ಪು ಬಣ್ಣ, ಇವೆರಡನ್ನು ಕೆಡಿಸದೆ ಕೊಡುವವರೇ ನನ್ನ ಪಾಲಿಗೆ ಒಳ್ಳೆಯ ಮುದ್ರಕರು.

ಮೊದಲ ಪೆಟ್ಟು ಬಿದ್ದದ್ದು 1973ರ 'ದಿ ಎಕ್ಸಾರ್ಸಿಸ್ಟ್' ಪೋಸ್ಟರಿಗೆ. ಬಿಲ್ ಗೋಲ್ಡ್ ವಿನ್ಯಾಸ ಮಾಡಿದ ಈ ಪೋಸ್ಟರಿನಲ್ಲಿ ದೆವ್ವವಿಲ್ಲ, ರಕ್ತವಿಲ್ಲ, ಪೀಡೆಗೆ ಸಿಕ್ಕಿದ ಹುಡುಗಿಯ ಮುಖವೂ ಇಲ್ಲ. ಟೋಪಿ ಹಾಕಿಕೊಂಡು ಕೈಯಲ್ಲಿ ಚೀಲ ಹಿಡಿದ ಒಬ್ಬ ವ್ಯಕ್ತಿ ಬೀದಿದೀಪದ ಬಳಿ ನಿಂತಿದ್ದಾನೆ, ಮೇಲಿನ ಕಿಟಕಿಯೊಂದರಿಂದ ಬೆಳಕು ಅವನ ಕಡೆಗೆ ಇಳಿದುಬಂದಿದೆ, ಉಳಿದದ್ದೆಲ್ಲ ಕತ್ತಲು. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗ ಬಹಳ ವಿಶ್ವಾಸದಿಂದಲೇ, "ಸರ್, ಸುತ್ತ ಜಾಗ ಸುಮ್ನೆ ಖಾಲಿ ಇದೆ, ಕ್ರಾಪ್ ಮಾಡಿ ಆ ಮನುಷ್ಯನ್ನ ದೊಡ್ಡದಾಗಿ ಕಾಣೋ ಹಾಗೆ ಮಾಡಿದೀನಿ" ಎಂದ. ಅಮೆರಿಕದ ಚಿತ್ರಮಂದಿರಗಳಿಗೆ ಆಗ ಮುದ್ರಿಸುತ್ತಿದ್ದ ಪೋಸ್ಟರಿನ ಅಳತೆ 27×41 ಇಂಚು. ಅದನ್ನು 24×36ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಅದೇ ಪ್ರಮಾಣ ಉಳಿಯುತ್ತದೆಯಾದ್ದರಿಂದ ಕತ್ತರಿಸುವ ಅಗತ್ಯವೇ ಇರಲಿಲ್ಲ. ದೊಡ್ಡದಾಗಿ ಬಂದ ಆ ಮನುಷ್ಯ, ಶಿವಮೊಗ್ಗಕ್ಕೆ ಹೋಗುವ ಕೊನೆಯ ಬಸ್ಸಿಗೆ ಕಾದು ನಿಂತವನಂತೆ ಕಾಣುತ್ತಿದ್ದ. ಅವನು ಚಿಕ್ಕವನಾಗಿದ್ದರೆ ಮಾತ್ರ ಆ ಮನೆ ದೊಡ್ಡದು, ಆ ಕಿಟಕಿಯೊಳಗಿರುವುದು ಅದಕ್ಕಿಂತ ದೊಡ್ಡದು.

ಇದನ್ನು ಹುಡುಗನಿಗೆ ವಿವರಿಸುವಾಗ ನಮ್ಮ ಕಡೆಯ ರಾತ್ರಿಯನ್ನೇ ಉದಾಹರಣೆಯಾಗಿ ಕೊಟ್ಟೆ. ಕರೆಂಟು ಹೋದ ಹೊತ್ತಿನಲ್ಲಿ ಅಡಿಕೆ ತೋಟ ದಾಟಿ ನಡೆದುಬರುವವರಿಗೆ ದೂರದ ಮನೆಯ ಒಂದು ದೀಪ ಕಂಡರೆ ಜೀವ ಬಂದಂತಾಗುತ್ತದೆ, ಕಾಲು ತಾನಾಗಿ ಆ ಕಡೆಗೆ ಬೇಗ ಬೇಗ ಬೀಳುತ್ತದೆ. ಈ ಪೋಸ್ಟರು ಅದನ್ನೇ ತಿರುಗಿಸಿ ಇಡುತ್ತದೆ. ಇಲ್ಲಿ ಬೀದಿಯ ಕತ್ತಲಿಗಿಂತ ಬೆಳಕಿರುವ ಆ ಕೋಣೆಯೇ ಅಪಾಯದ್ದು, ಮತ್ತು ಆ ಹುಡುಗಿಯ ಪೀಡೆ ಬಿಡಿಸಲು ಬಂದ ಪಾದ್ರಿ ಅಲ್ಲಿಗೇ ಹೋಗಬೇಕಾಗಿದೆ. ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಈ ದೃಶ್ಯಕ್ಕೆ ಪ್ರೇರಣೆ ಪಡೆದದ್ದು ಬೆಲ್ಜಿಯಂನ ಕಲಾವಿದ ರೆನೆ ಮ್ಯಾಗ್ರಿಟ್‌ನ 'ಬೆಳಕಿನ ಸಾಮ್ರಾಜ್ಯ' ಚಿತ್ರಗಳಿಂದ. ಅವುಗಳಲ್ಲಿ ಮೇಲೆ ಹಗಲಿನ ಆಕಾಶ, ಕೆಳಗೆ ದೀಪ ಹಚ್ಚಿದ ರಾತ್ರಿಯ ಮನೆ.

ಕತ್ತರಿಸಿದ್ದನ್ನು ಸರಿಪಡಿಸಿದ ಮೇಲೂ ಎರಡನೆಯ ತೊಂದರೆ ಉಳಿದಿತ್ತು. ಕತ್ತಲು ಕತ್ತಲಾಗಿ ಬಂದಿರಲಿಲ್ಲ. ಶಾಲೆಯ ಕರಿ ಹಲಗೆಯನ್ನು ಒಣಬಟ್ಟೆಯಲ್ಲಿ ಒರೆಸಿದಂತೆ ಬೂದು ಬೂದಾಗಿತ್ತು. ಅಂಗಡಿಯ ಯಜಮಾನರು ಈ ಕಸುಬಿನಲ್ಲಿ ಹಳಬರು. ಹಾಳೆಯನ್ನು ಬಾಗಿಲಿನ ಬೆಳಕಿಗೆ ಒಯ್ದು, ಉಗುರಿನಿಂದ ಮೆಲ್ಲಗೆ ಮುಟ್ಟಿ ನೋಡಿ, "ಇದು ಬರೀ ಕಪ್ಪು ಶಾಯಿ ಒಂದರಲ್ಲೇ ಬಿದ್ದಿದೆ" ಎಂದು ಕಾರಣ ಹೇಳಿದರು. ಕಪ್ಪು ಶಾಯಿಯೊಂದೇ ಕಾಗದದ ಬಿಳಿಯನ್ನು ಪೂರ್ತಿ ಮುಚ್ಚುವುದಿಲ್ಲ. ಅದರ ಜೊತೆಗೆ ನೀಲಿ, ಕೆಂಪು, ಹಳದಿ ಶಾಯಿಗಳನ್ನೂ ಒಂದಿಷ್ಟು ಸೇರಿಸಿದಾಗಲೇ ಕಪ್ಪಿಗೆ ಆಳ ಬರುತ್ತದೆ, ಮುದ್ರಣದವರು ಅದನ್ನು ರಿಚ್ ಬ್ಲ್ಯಾಕ್ ಎನ್ನುತ್ತಾರೆ. ಹೊಳಪಿನ ಕಾಗದವನ್ನೂ ಅವರೇ ಬೇಡವೆಂದರು, ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಭಾಗದಲ್ಲಿ ನೋಡುವವರ ಮುಖವೇ ಹೊಳೆಯುತ್ತದೆ ಎಂಬುದು ಅವರ ಅನುಭವ. ಮ್ಯಾಟ್ ಕಾಗದದ ಮೇಲೆ ಎರಡನೆಯ ಸಲ ಮುದ್ರಿಸಿ, ಹೆಚ್ಚಿನ ಹಣ ತೆಗೆದುಕೊಳ್ಳದೆ ಕೊಟ್ಟರು. ಈ ಒಂದು ಹಾಳೆಗಾಗಿ ನಾನು ಆ ಅಂಗಡಿಗೆ ಮತ್ತೆ ಹೋಗುತ್ತೇನೆ.

1975ರ 'ಜಾಸ್' ಮೊದಲ ಸಲವೇ ಚೆನ್ನಾಗಿ ಬಂತು. ರೋಜರ್ ಕಾಸ್ಟೆಲ್ ಈ ಚಿತ್ರವನ್ನು ಬರೆದದ್ದು ಅದೇ ಹೆಸರಿನ ಕಾದಂಬರಿಯ ಅಗ್ಗದ ಆವೃತ್ತಿಯ ಮುಖಪುಟಕ್ಕಾಗಿ. ಅದೇ ಮುಂದೆ ಸಿನಿಮಾದ ಪೋಸ್ಟರಾಯಿತು. ನೀರಿನ ಮೇಲೆ ಈಜುತ್ತಿರುವ ಒಬ್ಬ ಹೆಂಗಸು, ಕೆಳಗಿನಿಂದ ಬಾಯಿ ತೆರೆದು ಅವಳ ಕಡೆಗೆ ಏರಿ ಬರುವ ದೊಡ್ಡ ಶಾರ್ಕ್. ಇಲ್ಲಿ ಶಾರ್ಕ್ ಕಣ್ಣಿಗೆ ಕಾಣುತ್ತದೆಯಲ್ಲ, ತೋರಿಸದೆ ಉಳಿಸಿದ್ದು ಎಲ್ಲಿ ಎಂದು ನನ್ನ ಹೆಂಡತಿ ಕೇಳಿದಳು. ಕಾಣುತ್ತಿರುವುದು ನಮಗೆ, ಈಜುತ್ತಿರುವವಳಿಗಲ್ಲ. ಅವಳಿಗೂ ಆ ಬಾಯಿಗೂ ನಡುವೆ ಇರುವ ನೀಲಿ ನೀರಿನ ಅಂತರದಲ್ಲೇ ನೋಡುವವನ ಉಸಿರು ಸಿಕ್ಕಿಕೊಳ್ಳುತ್ತದೆ. ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ತುಂಗೆಗೆ ಮಂಡಕ್ಕಿ ಎರಚಿ ನಿಂತವರಿಗೆ ಇದರ ಅಂದಾಜಿದೆ: ಏನೂ ಕಾಣದ ನೀರು ಒಂದು ಕ್ಷಣದಲ್ಲಿ ಕಪ್ಪು ಬೆನ್ನುಗಳಿಂದ ತುಂಬಿಹೋಗುತ್ತದೆ. ಅವು ದೇವರ ಮೀನುಗಳು, ಯಾರೂ ಹೆದರುವುದಿಲ್ಲ. ಆದರೂ ಮೆಟ್ಟಿಲ ಮೇಲಿದ್ದ ಮಕ್ಕಳು ಕಾಲನ್ನು ಮೇಲಕ್ಕೆ ಎಳೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಮುದ್ರಣದಲ್ಲಿ ಮೇಲಿನ ತಿಳಿನೀಲಿಯಿಂದ ಕೆಳಗಿನ ಗಾಢ ನೀಲಿಗೆ ಇಳಿಯುವ ಬಣ್ಣ ಎಲ್ಲಿಯೂ ಪಟ್ಟೆಪಟ್ಟೆಯಾಗಿಲ್ಲ, ಶೀರ್ಷಿಕೆಯ ಕೆಂಪು ಬಿಳಿಯ ಮೇಲೆ ಗಟ್ಟಿಯಾಗಿ ಕೂತಿದೆ.

1968ರ 'ರೋಸ್‌ಮರೀಸ್ ಬೇಬಿ' ಮತ್ತು 1979ರ 'ಏಲಿಯನ್', ಎರಡನ್ನೂ ಅಕ್ಕಪಕ್ಕ ತೂಗುಹಾಕಬೇಕು. ಎರಡರ ವಿನ್ಯಾಸದಲ್ಲೂ ಫಿಲಿಪ್ ಗಿಪ್ಸ್ ಕೈಯಿದೆ. ಒಂದರಲ್ಲಿ ಹಸಿರು ಛಾಯೆಯ, ಮೇಲಕ್ಕೆ ನೋಡುತ್ತ ಮಲಗಿದ ಹೆಂಗಸಿನ ಮುಖ, ಅದರೊಳಗೇ ಬಂಡೆಯ ಮೇಲೆ ಒಂಟಿಯಾಗಿ ನಿಂತ ಕಪ್ಪು ತಳ್ಳುಗಾಡಿ, ಮಗುವಿನದು; ಇನ್ನೊಂದರಲ್ಲಿ ಕಪ್ಪು ಶೂನ್ಯದ ನಡುವೆ ಬಿರುಕು ಬಿಟ್ಟು ಬೆಳಕು ಸೋರುವ ಒಂದು ಮೊಟ್ಟೆ. ತಳ್ಳುಗಾಡಿ, ಮೊಟ್ಟೆ ಎರಡೂ ಮನೆಯಲ್ಲಿ ಸಂಭ್ರಮ ತರುವ ವಸ್ತುಗಳು. ಒಳಗೇನಿದೆ ಎಂದು ತೋರಿಸದೆ ಅವುಗಳನ್ನು ಇರಬಾರದ ಜಾಗದಲ್ಲಿ ಇಟ್ಟದ್ದರಿಂದಲೇ ಮನಸ್ಸು ಕೆಡುತ್ತದೆ. ಸಿನಿಮಾದಲ್ಲಿ ಬರುವ ಮೊಟ್ಟೆ ತೊಗಲಿನಂತಹ ವಿಕಾರ ವಸ್ತು. ಪೋಸ್ಟರಿನದ್ದು ಹೆಚ್ಚುಕಡಿಮೆ ಕೋಳಿಮೊಟ್ಟೆಯೇ. ಸತ್ಯಕ್ಕೆ ದೂರವಾದರೂ ಇದೇ ಸರಿಯಾದ ಆಯ್ಕೆ ಎಂದು ನನಗನಿಸುತ್ತದೆ, ಏಕೆಂದರೆ ಗುರುತು ಸಿಕ್ಕ ವಸ್ತುವಿನ ಹತ್ತಿರ ಮಾತ್ರ ಜನ ಬರುತ್ತಾರೆ. ಬಾಹ್ಯಾಕಾಶದಲ್ಲಿ ನಿಮ್ಮ ಚೀತ್ಕಾರ ಯಾರಿಗೂ ಕೇಳಿಸದು ಎಂಬ ಅರ್ಥದ ಅದರ ಪ್ರಸಿದ್ಧ ಸಾಲನ್ನು ಬರೆದವರು ಗಿಪ್ಸ್ ಅವರ ಪತ್ನಿ ಬಾರ್ಬರಾ. ಜಗಲಿಗೆ ಬಂದವರಲ್ಲಿ ಹೆಚ್ಚು ಹೊತ್ತು ನಿಂತು ನೋಡಿದ್ದು ತಳ್ಳುಗಾಡಿಯ ಪೋಸ್ಟರನ್ನು. ಬಾಣಂತನ ಮುಗಿಸಿ ತವರಿನಿಂದ ಮರಳಿದ್ದ ಪಕ್ಕದ ಮನೆಯ ಹುಡುಗಿ ಮಾತ್ರ ಅದನ್ನು ತೆಗೆದಿಡಿ ಎಂದಳು, ನಾನು ತೆಗೆದಿಟ್ಟೆ.

ಇವುಗಳ ಮುಂದೆ ನಿಂತಾಗ ನನ್ನ ಬಾಲ್ಯದ ಬಸ್ ನಿಲ್ದಾಣದ ಗೋಡೆ ನೆನಪಾಗದೆ ಇರುವುದಿಲ್ಲ. ಮೈದಾ ಅಂಟಿನಲ್ಲಿ ಹಚ್ಚಿದ ಆ ಪೋಸ್ಟರುಗಳಲ್ಲಿ ಪಾಳು ಬಂಗಲೆ, ಹುಣ್ಣಿಮೆ ಚಂದ್ರ, ಕೂದಲು ಬಿಚ್ಚಿದ ಹೆಂಗಸು, ರಕ್ತ ತೊಟ್ಟಿಕ್ಕುವ ಅಕ್ಷರ, ಮೂಲೆಯಲ್ಲಿ ನಾಯಕನ ಮುಖ, ಎಲ್ಲವೂ ಒಟ್ಟಿಗೇ ಇರುತ್ತಿದ್ದವು. ಅವುಗಳನ್ನು ಕೀಳೆಂದು ಕಾಣುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಗೋಡೆಯಲ್ಲಿ ಹತ್ತು ಪೋಸ್ಟರುಗಳ ನಡುವೆ, ಬಸ್ಸು ತಿರುಗುವಷ್ಟು ಹೊತ್ತಿನಲ್ಲಿ, ಮಳೆಯ ಮಂಜಿನಾಚೆಗಿನ ಕಣ್ಣನ್ನು ಹಿಡಿಯಬೇಕಾದ ಕೆಲಸ ಅವುಗಳದ್ದಾಗಿತ್ತು. ಕಪ್ಪಿನ ಮೇಲೆ ಬರೆದ ಕೆಂಪು ಅಕ್ಷರ ದೂರಕ್ಕೆ ಓದಿಸಿಕೊಳ್ಳುವುದಿಲ್ಲವೆಂದು ಅರಿತೇ ಆ ಕಲಾವಿದರು ಅಕ್ಷರದ ಸುತ್ತ ಹಳದಿ ಅಂಚು ಎಳೆಯುತ್ತಿದ್ದರು.

ಉಳಿದದ್ದು 1980ರ 'ದಿ ಶೈನಿಂಗ್'. ಹಳದಿ ಹಿನ್ನೆಲೆಯ ಕಪ್ಪು ಅಕ್ಷರದೊಳಗೆ ಚುಕ್ಕಿಗಳಿಂದಲೇ ಮೂಡುವ ಮುಖವೊಂದನ್ನು, ನಿರ್ದೇಶಕ ಸ್ಟಾನ್ಲಿ ಕ್ಯೂಬ್ರಿಕ್ ಹಲವಾರು ಕರಡುಗಳನ್ನು ತಿರಸ್ಕರಿಸಿದ ಮೇಲೆ, ಸಾಲ್ ಬಾಸ್ ರೂಪಿಸಿದ್ದು. ಕತ್ತಲಿಲ್ಲದೆಯೂ ಹೆದರಿಸಬಹುದೆಂಬುದಕ್ಕೆ ಇದೇ ಸಾಕ್ಷಿಯಾಗಬೇಕಿತ್ತು. ಆದರೆ ನನ್ನ ಪ್ರತಿಯಲ್ಲಿ ಚುಕ್ಕಿಗಳು ಒಂದಕ್ಕೊಂದು ಕಲೆತು ಮುಖ ಮಸಿಯಾಗಿದೆ. ತಪ್ಪು ನಾನು ಒಯ್ದ ಫೈಲಿನದು. ಈ ಅಳತೆಗೆ ಇಂಚಿಗೆ 150 ಚುಕ್ಕಿಯಂತೆ ಲೆಕ್ಕ ಹಾಕಿದರೂ 3600×5400 ಪಿಕ್ಸೆಲ್ ಬೇಕು, ನನ್ನದು ಅದರ ಕಾಲುಭಾಗವೂ ಇರಲಿಲ್ಲ. ಮುದ್ರಿಸುವ ಮೊದಲು ಅಂಗಡಿಯವರು ಒಂದು ಮಾತು ಹೇಳಬಹುದಿತ್ತು.

ಮಲೆನಾಡಿನವರಿಗೆ ಒಂದು ಮಾತು: ಗಾಜಿಗೆ ಕಾಗದ ತಾಗದಂತೆ ನಡುವೆ ಪಟ್ಟಿ ಇಟ್ಟು ಕಟ್ಟು ಹಾಕಿಸಿ. ಆಷಾಢದ ತೇವಕ್ಕೆ ಹಾಳೆ ಉಬ್ಬಿ ಗಾಜಿಗೆ ಅಂಟಿಕೊಂಡರೆ ಕಪ್ಪು ಭಾಗವೇ ಮೊದಲು ಕಿತ್ತುಬರುತ್ತದೆ, ಬೂಷ್ಟು ಕಾಣಿಸಿಕೊಳ್ಳುವುದೂ ಅಲ್ಲಿಯೇ. 'ಶೈನಿಂಗ್'ಗೆ ದೊಡ್ಡ ಫೈಲು ಸಿಕ್ಕಿದೆ, ಬರುವ ಸೋಮವಾರ ಮತ್ತೆ ದುರ್ಗಿಗುಡಿಗೆ ಹೋಗುವವನಿದ್ದೇನೆ. ಚುಕ್ಕಿಗಳು ಹೇಗೆ ಬಂದವು ಎಂಬುದನ್ನು ಇದರ ಕೆಳಗೇ ಸೇರಿಸುತ್ತೇನೆ.