ವಿಎಲ್‌ಎಫ್ ಯಂತ್ರ: ಬೋರ್‌ವೆಲ್ ಪಾಯಿಂಟ್ ಗುರುತಿಸಲು ಇದೊಂದೇ ಸಾಕೇ?

ತುಮಕೂರು, ಕೋಲಾರ ಕಡೆಯ ಕಲ್ಲುನೆಲದಲ್ಲಿ ಅತಿ ಕಡಿಮೆ ಆವರ್ತನದ (ವೆರಿ ಲೋ ಫ್ರೀಕ್ವೆನ್ಸಿ) ರೇಡಿಯೊ ಅಲೆಯಿಂದ ನೆಲದಡಿಯ ಬಿರುಕು ಹುಡುಕುವ, ಕೈಯಲ್ಲಿ ಹಿಡಿಯುವ ವಿಎಲ್‌ಎಫ್ ಯಂತ್ರವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನೆಲ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ (ರೋಧತೆ) ಎಂದು ಅಳೆಯುವ ರೆಸಿಸ್ಟಿವಿಟಿ ಮೀಟರ್‌ನಂತೆ ಗೂಟ ಹೊಡೆದು ತಂತಿ ಎಳೆಯುವ ಗೋಜು ಇದಕ್ಕಿಲ್ಲ. ಒಬ್ಬರೇ ಬೆಳಗಿನ ಹೊತ್ತಿನಲ್ಲಿ ಇಡೀ ಹೊಲ ನಡೆದು ಮುಗಿಸಬಹುದು. ಯಂತ್ರ ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ಜಲಾಂತರ್ಗಾಮಿಗಳಿಗಾಗಿ ನೌಕಾಪಡೆಗಳು ಹೊರಡಿಸುವ ರೇಡಿಯೊ ಅಲೆಯನ್ನೇ ಹಿಡಿಯುತ್ತದೆ. ನಮಗೆ ಬಲವಾಗಿ ಸಿಗುವುದು ತಿರುನೆಲ್ವೇಲಿ ಬಳಿಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರದ 18.2 ಕಿಲೋಹರ್ಟ್ಸ್. ನೆಲದಡಿ ನೀರು ತುಂಬಿದ ಬಿರುಕಿದ್ದರೆ ಕಾಂತಕ್ಷೇತ್ರ ಓರೆಯಾಗುತ್ತದೆ, ಆ ಓರೆಯೇ ನಮ್ಮ ಅಳತೆ. ಭೂಭೌತ ವಿಜ್ಞಾನಿ ಫ್ರೇಸರ್ 1969ರಲ್ಲಿ ಹೇಳಿಕೊಟ್ಟ ಕೂಡು-ಕಳೆ ಲೆಕ್ಕ ಹಾಕಿದರೆ ಬಿರುಕಿನ ಜಾಗದಲ್ಲಿ ಗ್ರಾಫ್‌ನ ಗೆರೆ ಮೇಲೇಳುತ್ತದೆ, ಪೆನ್ಸಿಲು ಸಾಕು.

ತೊಡಕು ಶುರುವಾಗುವುದು ದಿಕ್ಕಿನಲ್ಲಿ. ಕೇಂದ್ರ ಇರುವ ದಿಕ್ಕಿಗೇ ಚಾಚಿಕೊಂಡ ಬಿರುಕು ಮಾತ್ರ ಚೆನ್ನಾಗಿ ಕಾಣುತ್ತದೆ. ತಿರುನೆಲ್ವೇಲಿ ನಮಗೆ ಹೆಚ್ಚುಕಡಿಮೆ ನೇರ ದಕ್ಷಿಣ. ಆದ್ದರಿಂದ ಉತ್ತರ-ದಕ್ಷಿಣದ ಬಿರುಕುಗಳು ಸಿಗುತ್ತವೆ, ಪೂರ್ವ-ಪಶ್ಚಿಮದ ಡೈಕ್‌ಗಳ (ಬಂಡೆಯನ್ನು ಸೀಳಿ ಗೋಡೆಯಂತೆ ನಿಂತ ಬೇರೆ ಕಲ್ಲಿನ ಪಟ್ಟಿಗಳ) ಪಕ್ಕದ ಬಿರುಕುಗಳು ನುಣುಚಿಕೊಳ್ಳುತ್ತವೆ. ಆಸ್ಟ್ರೇಲಿಯದ ನಾರ್ತ್ ವೆಸ್ಟ್ ಕೇಪ್ ಕೇಂದ್ರದ 19.8 ಕಿಲೋಹರ್ಟ್ಸ್ ಆಗ್ನೇಯದಿಂದ ಬರುವುದರಿಂದ ಸ್ವಲ್ಪ ನೆರವಾಗುತ್ತದೆ. ಮಾರುವವರು ಈ ವಿಷಯವನ್ನು ಎತ್ತುವುದೇ ಇಲ್ಲ.

ಆಳದ ಬಗ್ಗೆಯೂ ಅತಿಯಾದ ನಿರೀಕ್ಷೆ ಬೇಡ. ನೆಲದ ರೋಧತೆ 1000 ಓಮ್-ಮೀಟರ್ ಇದ್ದರೆ 18.2 ಕಿಲೋಹರ್ಟ್ಸ್ ಅಲೆ ಸುಮಾರು 118 ಮೀಟರ್ ಇಳಿಯುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಸೊರಗಿರುತ್ತದೆ. ಮೇಲೆ ದಪ್ಪ ಜೇಡಿಮಣ್ಣಿದ್ದು ರೋಧತೆ 50ಕ್ಕೆ ಬಿದ್ದರೆ ಆ ಆಳ 26 ಮೀಟರ್. ಸಾವಿರ ಅಡಿ ಮೀರಿ ಕೊರೆಯುವ ಕೋಲಾರದ ರೈತರಿಗೆ ತಳದ ಸೆಲೆಯನ್ನು ಇದರಿಂದ ತೋರಿಸಲಾಗದು. ವಿದ್ಯುತ್ ತಂತಿ, ತಂತಿಬೇಲಿ, ಪಂಪ್‌ಸೆಟ್ ಕೇಬಲ್ ಎಲ್ಲವೂ ಸುಳ್ಳು ಗೆರೆ ಎಬ್ಬಿಸುತ್ತವೆ. ಇನ್ನು ನೀರೋ ಬರೀ ಜೇಡಿಯೋ ಎಂದು ಯಂತ್ರ ಹೇಳುವುದಿಲ್ಲ. ಅದಕ್ಕೆ ಗುರುತಿಸಿದ ಜಾಗದಲ್ಲಿ ರೆಸಿಸ್ಟಿವಿಟಿ ಮೀಟರ್ ಇಡಲೇಬೇಕು. (ತೆಂಗಿನಕಾಯಿ ಹಿಡಿಯುವವರನ್ನೂ ಕರೆಸಿ, ಎರಡೂ ಒಪ್ಪಿದ ಕಡೆಯೇ ಕೊರೆಸುವ ರೈತರಿದ್ದಾರೆ. ನಾನು ಜಗಳಕ್ಕೆ ಹೋಗುವುದಿಲ್ಲ.)

ಬಂಡೆಯ ಆಳ ತಿಳಿಯಲು ಭೂಕಂಪನ ವಿಧಾನದ ಸೆಟ್ಟನ್ನು ಆಗಾಗ ಬಾಡಿಗೆಗೆ ತರುತ್ತೇನೆ. ಕಬ್ಬಿಣದ ತಟ್ಟೆಗೆ ಸುತ್ತಿಗೆಯಿಂದ ಹೊಡೆದು, ಸಾಲಾಗಿ ಚುಚ್ಚಿದ 12 ಅಥವಾ 24 ಜಿಯೋಫೋನುಗಳಿಗೆ (ನೆಲದ ಕಂಪನ ಹಿಡಿಯುವ ಸಾಧನಗಳಿಗೆ) ಕಂಪನ ಮುಟ್ಟುವ ಹೊತ್ತನ್ನು ನೋಡುವುದು ಇದರ ಕೆಲಸ. ಸಡಿಲ ಮಣ್ಣಿನಲ್ಲಿ ಸೆಕೆಂಡಿಗೆ ಕೆಲವು ನೂರು ಮೀಟರ್ ಹೋಗುವ ಅಲೆ ಗಟ್ಟಿ ಗ್ರಾನೈಟ್‌ನಲ್ಲಿ 5000 ಮೀಟರ್ ಆಸುಪಾಸು ಓಡುತ್ತದೆ. ಹೀಗಾಗಿ ಬಂಡೆ ಎಷ್ಟು ಅಡಿಗೆ ಸಿಗುತ್ತದೆ, ಕೇಸಿಂಗ್ ಪೈಪ್ ಎಷ್ಟು ಬೇಕು ಎಂಬುದು ಮೊದಲೇ ತಿಳಿಯುತ್ತದೆ. ಬಂಡೆಯೊಳಗಿನ ಸಣ್ಣ ಬಿರುಕು ಮಾತ್ರ ಇದಕ್ಕೆ ಕಾಣದು. ಲಾರಿ ಓಡಾಡುವ ರಸ್ತೆಯ ಪಕ್ಕದಲ್ಲಂತೂ ಹೊಡೆದ ಪೆಟ್ಟೆಲ್ಲ ದಂಡ.

ವಿಎಲ್‌ಎಫ್‌ಗೆ ಐದರಲ್ಲಿ ಮೂರೂವರೆ ಅಂಕ. ಒಬ್ಬಂಟಿಯಾಗಿ ಸರ್ವೆ ಮಾಡುವವರು ಕೊಳ್ಳಬಹುದು, ಆದರೆ ಎರಡು ಕೇಂದ್ರಗಳನ್ನು ಒಟ್ಟಿಗೆ ಹಿಡಿಯುವ ಮಾದರಿಯನ್ನೇ ಆರಿಸಿ. ಹಣ ಕೊಡುವ ಮುನ್ನ, ಚೆನ್ನಾಗಿ ನೀರಿರುವ ಹಳೆಯ ಬೋರ್‌ವೆಲ್ ಒಂದರ ಸುತ್ತ ಮೋಟಾರ್ ನಿಲ್ಲಿಸಿ ನಡೆದು ನೋಡಿ.