‘ಸ್ಟ್ರೇಂಜರ್ ಥಿಂಗ್ಸ್’ ಐದೂ ಸೀಸನ್: ಸೀರಿಯಲ್ ಲೈಟಿಗೆ ಭೇಷ್, ಕೋಕ್ ಡಬ್ಬಿ ಬೇಕಿರಲಿಲ್ಲ

ನೆಟ್‌ಫ್ಲಿಕ್ಸ್‌ನಲ್ಲಿ 2016ರಲ್ಲಿ ಶುರುವಾದ ಈ ಸರಣಿ 2025ರ ಕೊನೆಗೆ ಮುಗಿಯಿತು. ‘ತಲೆಕೆಳಗಾದ ಲೋಕ’ ಎಂಬ ಇನ್ನೊಂದು ಕತ್ತಲ ಜಗತ್ತಿನಿಂದ ಬರುವ ರಾಕ್ಷಸರೊಂದಿಗೆ ಊರಿನ ಹುಡುಗರು ಸೆಣಸುವ ಕಥೆ ಇದು. ಕಥೆ ನಡೆಯುವುದು ಅಮೆರಿಕದ ಇಂಡಿಯಾನಾದಲ್ಲಿರುವ ಹಾಕಿನ್ಸ್ ಎಂಬ ಕಲ್ಪನೆಯ ಊರಲ್ಲಿ, ಬಹುಪಾಲು 1983ರಿಂದ 1987ರವರೆಗೆ. ಕಪಿಲ್ ದೇವ್ ಕಪ್ ಎತ್ತಿದ ವರ್ಷದಿಂದ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾದ ವರ್ಷದವರೆಗೆ ಅಂದರೆ ಬಳ್ಳಾರಿಯ ಹಿರಿಯರಿಗೂ ಕಾಲ ತಟ್ಟನೆ ಹೊಳೆಯುತ್ತದೆ.

ಮೊದಲ ಸೀಸನ್ನಿನ 8 ಕಂತುಗಳನ್ನು ಮೀರಿಸುವುದು ಆಮೇಲೆ ಬರಲಿಲ್ಲ. ಅಲ್ಲಿ ಹಳೇ ಸಾಮಾನು ಶೋಕೇಸಿನಲ್ಲಿ ಕೂತಿಲ್ಲ, ದುಡಿಯುತ್ತದೆ. ಮಗನನ್ನು ಹುಡುಕುತ್ತಿರುವ ತಾಯಿ ಜಾಯ್ಸ್ ನಡುಮನೆಯ ಗೋಡೆ ಮೇಲೆ ಕಪ್ಪು ಬಣ್ಣದಲ್ಲಿ ಇಂಗ್ಲಿಷ್ ಅಕ್ಷರಮಾಲೆ ಬರೆದು, ಅಕ್ಷರಕ್ಕೊಂದು ಬಣ್ಣದ ಬಲ್ಬು ಬರುವಂತೆ ಸೀರಿಯಲ್ ಲೈಟು ಎಳೆಯುತ್ತಾಳೆ. ಕಾಣೆಯಾದ ಮಗ ಆರ್, ಯು, ಎನ್ ಹೊತ್ತಿಸುತ್ತಾನೆ: ಓಡು! (ನಮ್ಮ ಮದುವೆ ಮನೆಯ ಮಾಲೆಯಲ್ಲಿ ಹೀಗೆ ಒಂದೇ ಬಲ್ಬು ಹೊತ್ತುವುದಿಲ್ಲ, ಒಂದು ಹೋದರೆ ಸಾಲೇ ಆರುತ್ತದೆ. ಇರಲಿ, ದೆವ್ವದ ಕರೆಂಟು.) 4ನೇ ಸೀಸನ್ನಿನ ವಾಕ್‌ಮನ್ನೂ ಹಾಗೇ. ಅದರಲ್ಲಿ ಹಾಡು ನಿಂತರೆ ಮ್ಯಾಕ್ಸ್ ಎಂಬ ಹುಡುಗಿಯ ಜೀವಕ್ಕೇ ಕುತ್ತು. ಬ್ರಿಟನ್ನಿನ ಗಾಯಕಿ ಕೇಟ್ ಬುಷ್ 1985ರಲ್ಲಿ ಹಾಡಿದ್ದ ಆ ಹಾಡು ಇದೇ ಸೀಸನ್ನಿನಿಂದಾಗಿ 2022ರಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಹಿಡಿತ ತಪ್ಪುವುದು 3ನೇ ಸೀಸನ್ನಿನಲ್ಲಿ. ಅತಿಮಾನುಷ ಶಕ್ತಿಯ ಹುಡುಗಿ ಎಲೆವೆನ್ ಕಾಲಿಗೆ ಗಾಯವಾಗಿದೆ, ರಾಕ್ಷಸ ಬೆನ್ನು ಬಿದ್ದಿದೆ, ಅವಳ ಗೆಳೆಯರ ಗುಂಪಿನ ಲೂಕಸ್ ಅಂಗಡಿಯಲ್ಲಿ ನಿಂತು ನ್ಯೂ ಕೋಕ್ ರುಚಿ ಹೊಗಳುತ್ತಾನೆ! 1985ರ ಏಪ್ರಿಲ್‌ನಲ್ಲಿ ಬಂದು, ಜನ ಬೈದದ್ದಕ್ಕೆ ಜುಲೈಗೇ ಹಳೇ ಕೋಕ್‌ಗೆ ದಾರಿ ಬಿಟ್ಟ ಪಾನೀಯವದು. ಈ ಸೀಸನ್ ಬಂದ 2019ರಲ್ಲೇ ಕಂಪನಿ ಅದನ್ನು ಸ್ವಲ್ಪ ದಿನ ಮತ್ತೆ ಮಾರಿತು. ಇದು ಕಥೆಯಲ್ಲ, ಜಾಹೀರಾತು. ಇನ್ನೊಂದು ತೊಡಕು ವಯಸ್ಸು. ಕಥೆಯಲ್ಲಿ ನಾಲ್ಕು ವರ್ಷ, ತೆರೆಗೆ ಬರಲು ಒಂಬತ್ತು. ಕೊನೆಯ ಸೀಸನ್ನಿನ ಹೈಸ್ಕೂಲ್ ಹುಡುಗರು ಡಿಗ್ರಿ ಮುಗಿಸಿದವರಂತೆ ಕಾಣುತ್ತಾರೆ.

ಕನ್ನಡ ಡಬ್ಬಿಂಗ್ ಇಲ್ಲ, ತೆಲುಗು ಇದೆ. ನಮ್ಮ ಕಡೆ ಅರ್ಧ ಊರಿಗೆ ಅಷ್ಟು ಸಾಕು. ಡೇಟಾ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ. 4ನೇ ಸೀಸನ್ನಿನ ಕೊನೆಯ ಕಂತೊಂದೇ ಎರಡು ಗಂಟೆ ಇಪ್ಪತ್ತು ನಿಮಿಷ, ಅಂದರೆ ಹೆಚ್ಚುಕಮ್ಮಿ 7 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕಿನವರು ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಆಟೋಮ್ಯಾಟಿಕ್’ ತೆಗೆದು ‘ಸೇವ್ ಡೇಟಾ’ ಹಾಕಿದರೆ ಒಂದು ಜಿಬಿಗೆ ಸುಮಾರು ಆರು ಗಂಟೆ ಓಡುತ್ತದೆ. ಆದರೆ ತಲೆಕೆಳಗಾದ ಲೋಕದ ಕತ್ತಲೆ ದೃಶ್ಯಗಳು ಚೌಕ ಚೌಕ ಒಡೆದು ಏನೂ ಕಾಣುವುದಿಲ್ಲ. ವೈಫೈ ಸಿಕ್ಕಲ್ಲಿ ಡೌನ್‌ಲೋಡ್ ಮಾಡಿಕೊಂಡು, ಬಿಸಿಲು ಇಳಿದ ಮೇಲೆ ನೋಡಿ. ಇಯರ್‌ಫೋನ್ ಇರಲಿ, ಫೋನಿನ ಸ್ಪೀಕರಿನಲ್ಲಿ ಸರಣಿಯ ಸಂಗೀತದ ಸಿಂಥಸೈಜರ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಬೇಸ್ ಕೇಳುವುದೇ ಇಲ್ಲ.

2ನೇ ಸೀಸನ್ನಿನ 7ನೇ ಕಂತು ಬಿಟ್ಟರೂ ನಡೆಯುತ್ತದೆ ಎನ್ನುವವರು ಬಹಳ ಮಂದಿ ಇದ್ದರು. ಬಿಡಬೇಡಿ, ಅದರಲ್ಲಿ ಬರುವ ಕಾಲಿ ಎಂಬ ಹುಡುಗಿ 5ನೇ ಸೀಸನ್ನಿಗೆ ಮರಳುತ್ತಾಳೆ.